ಚಿಯಾಂಗ್ ಮಾಯಲ್ಲಿ ಅಡುಗೆ ಕ್ಲಾಸು: ಸಸ್ಯಾಹಾರಿ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ಪ್ರಶ್ನೆ: ಡಿಸೆಂಬರಲ್ಲಿ ಅಮ್ಮನ ಜೊತೆ ಥಾಯ್ಲೆಂಡಿಗೆ ಹೊರಟಿದೀನಿ, ಅದ್ರಲ್ಲಿ ನಾಲ್ಕು ದಿನ ಚಿಯಾಂಗ್ ಮಾಯಲ್ಲಿ. ಅಲ್ಲಿ ಅಡುಗೆ ಕ್ಲಾಸು ತುಂಬಾ ಚೆನ್ನಾಗಿರತ್ತೆ ಅಂತ ಎಲ್ರೂ ಹೇಳ್ತಾರೆ. ಅಮ್ಮನಿಗೆ 62 ವರ್ಷ, ಮಾಂಸ ಮೀನು ಮೊಟ್ಟೆ ಯಾವ್ದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ತಿಂತಾರೆ. ಇಂಗ್ಲಿಷ್ ಬರಲ್ಲ, ಮಂಡಿ ನೋವು ಬೇರೆ. ದುಡ್ಡು ಕೊಟ್ಟು ಹೋಗಿ ಯಾರೋ ಮಾಡೋದನ್ನ ನೋಡ್ಕೊಂಡು ಬರೋ ಹಾಗಾಗತ್ತಾ? ಎಲ್ಲದಕ್ಕೂ ಮೀನಿನ ಸಾಸ್ ಹಾಕ್ತಾರಂತೆ, ನಿಜನಾ? ಕ್ಲಾಸನ್ನ ಹೇಗೆ ಆರಿಸ್ಕೋಬೇಕು?

ಉತ್ತರ: ಹೋಗಿ, ಅಮ್ಮನ್ನ ಕರ್ಕೊಂಡೇ ಹೋಗಿ. ನಾನು ನಮ್ಮ ಕಡೆಯವ್ರ ಸಣ್ಣ ಸಣ್ಣ ಗುಂಪುಗಳನ್ನ ಅಲ್ಲಿಯ ಅಡುಗೆ ಕ್ಲಾಸುಗಳಿಗೆ ಕರ್ಕೊಂಡು ಹೋಗ್ತಾ ಇರ್ತೀನಿ, ಅಲ್ಲಿ ಯಾರ ಕೈ ಎಲ್ಲರಿಗಿಂತ ಬೇಗ ಕೂರತ್ತೆ ಅಂತ ಕೇಳಿದ್ರೆ ನಿಮ್ಮಮ್ಮನ ವಯಸ್ಸಿನವ್ರದ್ದೇ, ಯಾಕಂದ್ರೆ ಒರಳು, ಕಾಯಿಹಾಲು, ಹುಣಸೆಹುಳಿ, ಬೆಲ್ಲ ಇವೆಲ್ಲ ಅವ್ರಿಗೆ ಹೊಸದಲ್ಲ. ಇಂಗ್ಲಿಷ್ ಬರೋ ಇಪ್ಪತ್ತೈದರ ಹುಡುಗ್ರು ಫೋಟೋ ತೆಗೀತಾ ಇರೋವಾಗ ಇವ್ರು ಆಗ್ಲೇ ಮೂಸಿ ನೋಡಿ ಉಪ್ಪು ಸಾಲದು ಅಂತ ಹೇಳ್ತಿರ್ತಾರೆ. ಆದ್ರೆ ಕ್ಲಾಸು ಸರಿಯಾಗಿ ಆರಿಸದೆ ಇದ್ರೆ ನೀವು ಹೆದರಿದ ಹಾಗೇ ಆಗತ್ತೆ, ಅದನ್ನೂ ಹೇಳ್ತೀನಿ.

ಮೊದಲು ಮೀನಿನ ವಿಷಯ, ಯಾಕಂದ್ರೆ ನಿಮ್ಮ ಮನಸ್ಸಲ್ಲಿ ಇರೋದು ಅದೇ ಅಂತ ಗೊತ್ತಾಗತ್ತೆ. ಹೌದು, ನಿಜ. ನಮಗೆ ಉಪ್ಪು ಹೇಗೋ ಅವ್ರಿಗೆ ನಾಮ್ ಪ್ಲಾ ಹಾಗೆ, ಅದು ಮೀನು ಉಪ್ಪು ಸೇರಿಸಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ. ಅದು ಬಾಟ್ಲಲ್ಲಿ ಕಣ್ಣಿಗೆ ಕಾಣತ್ತೆ, ಬೇಡ ಅಂದ್ರೆ ಹಾಕಲ್ಲ, ಅದಕ್ಕೆ ಹೆದರೋದೇನಿಲ್ಲ. ಹೆದರಬೇಕಾಗಿರೋದು ಕಾಣದೇ ಇರೋದಕ್ಕೆ. ಒಂದು ‘ಕಪಿ’ ಅನ್ನೋದು, ಸಿಗಡಿ ಹುಳಿ ಬರಿಸಿ ಅರೆದ ಕಂದು ಬಣ್ಣದ ಮುದ್ದೆ, ಇದು ಕರಿ ಪೇಸ್ಟ್, ಅಂದ್ರೆ ಅವ್ರ ಸಾರಿಗೆ ಹಾಕೋ ಅರೆದ ಮಸಾಲೆ, ಅದರ ಒಳಗೇ ಸೇರಿಬಿಟ್ಟಿರತ್ತೆ. ಇನ್ನೊಂದು ಆಯ್ಸ್ಟರ್ ಸಾಸ್, ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ್ದು, ಕಪ್ಪಗೆ ಸೋಯಾ ಸಾಸ್ ಥರನೇ ಕಾಣತ್ತೆ, ಹುರಿದ ತರಕಾರಿಗೆಲ್ಲ ಒಂದೊಂದು ಚಮಚ ಹೋಗತ್ತೆ. ನಾನು ಮೊದಮೊದಲು ಒಂದು ಕ್ಲಾಸಿಗೆ ಹೋದಾಗ ಸಸ್ಯಾಹಾರಿ ಅಂತ ಬುಕ್ ಮಾಡುವಾಗ್ಲೇ ಬರೆದಿದ್ದೆ, ಅವ್ರೂ ಆಯ್ತು ಅಂದಿದ್ರು, ಚಿಕನ್ ಬದಲು ತೋಫು ಕೊಟ್ರು, ಎಲ್ಲ ಚೆನ್ನಾಗೇ ಇತ್ತು. ಊಟ ಮುಗಿದ ಮೇಲೆ ಪೇಸ್ಟ್ ಡಬ್ಬಿಯಲ್ಲಿ ಏನೇನಿದೆ ಅಂತ ಕೇಳಿದ್ರೆ ಕಪಿ ಇತ್ತು. ಮೋಸ ಮಾಡ್ಬೇಕು ಅಂತ ಮಾಡಿದ್ದಲ್ಲ, ಅವ್ರ ಲೆಕ್ಕದಲ್ಲಿ ಮಾಂಸದ ತುಂಡು ಇಲ್ಲ ಅಂದ್ರೆ ಸಸ್ಯಾಹಾರ, ಅಷ್ಟೇ. ಆದ್ರೂ ಅವತ್ತು ರಾತ್ರಿ ನನಗೆ ಆದ ಬೇಜಾರು ಹೇಳತೀರದು, ನಿಮ್ಮಮ್ಮನಿಗೆ ಅದು ಆಗಬಾರದು.

ಅದಕ್ಕೆ ಬುಕ್ ಮಾಡೋಕೆ ಮೊದಲು ವೆಜಿಟೇರಿಯನ್ ಅಂತ ಒಂದು ಪದ ಬರೆದು ಬಿಡಬೇಡಿ. ನಾಮ್ ಪ್ಲಾ ಬೇಡ, ಕಪಿ ಬೇಡ, ಆಯ್ಸ್ಟರ್ ಸಾಸ್ ಬೇಡ, ಒಣ ಸಿಗಡಿ ಬೇಡ, ಮೊಟ್ಟೆ ಬೇಡ ಅಂತ ಒಂದೊಂದಾಗಿ ಬರೀರಿ, ಪೇಸ್ಟನ್ನ ನಮ್ಮೆದುರೇ ಕುಟ್ತೀರಾ ಇಲ್ಲ ಮೊದಲೇ ಮಾಡಿಟ್ಟಿದ್ದಾ ಅಂತ ಕೇಳಿ. ಅಲ್ಲಿ ಹೋದ ಮೇಲೆ ಬಾಯಲ್ಲಿ ಹೇಳೋಕೆ ‘ಮಾಯ್ ಸಾಯ್’ ಅಂದ್ರೆ ಹಾಕಬೇಡಿ ಅಂತ, ಅದರ ಮುಂದೆ ಬೇಡದ ವಸ್ತುವಿನ ಹೆಸರು ಸೇರಿಸಿದ್ರೆ ಆಯ್ತು, ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಕಪಿ. ಕೊನೇಲಿ ಹೆಂಗಸರಾದ್ರೆ ‘ಖಾ’ ಅಂತ, ಗಂಡಸರಾದ್ರೆ ‘ಖ್ರಪ್’ ಅಂತ ಸೇರಿಸಿ, ನಮ್ಮಲ್ಲಿ ‘ರೀ’ ಹಾಕಿದ ಹಾಗೆ. ಸಸ್ಯಾಹಾರಕ್ಕೆ ಥಾಯ್ ಭಾಷೇಲಿ ಒಂದು ಪದ ಇದೆ, ಮಾಂಗ್ಸವಿರತ್ ಅಂತ, ನಿಧಾನವಾಗಿ ಹೇಳಿ ನೋಡಿ, ನಮ್ಮ ‘ಮಾಂಸ’ ಮತ್ತು ‘ವಿರತಿ’ ಎರಡೂ ಕೇಳ್ಸತ್ತೆ, ಸಂಸ್ಕೃತದಿಂದಲೇ ಹೋಗಿದ್ದು. ಇನ್ನೊಂದು ಪದ ಜೇ, ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅಂಗಡಿಗಳ ಮುಂದೆ ಕಾಣ್ಸತ್ತೆ, ಅದು ಚೀನೀ ಬೌದ್ಧರ ಪದ್ಧತಿಯ ಊಟ, ಮೊಟ್ಟೆ ಹಾಲು ಏನೂ ಇರಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇರಲ್ಲ. ಬೀದಿಯಲ್ಲಿ ಊಟ ಮಾಡೋಕೆ ಜೇ ಅಂಗಡಿ ಹುಡ್ಕಿ, ಅಮ್ಮನಿಗೆ ಯಾವ ಯೋಚನೆನೂ ಇರಲ್ಲ. ಆದ್ರೆ ಕ್ಲಾಸಲ್ಲಿ ಜೇ ಅನ್ನಬೇಡಿ, ಅಂದ್ರೆ ಪೇಸ್ಟಿನಿಂದ ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಎರಡನ್ನೂ ತೆಗೆದುಬಿಡ್ತಾರೆ, ತಿನ್ನೋರಿಗೆ ಅದು ಸುಮ್ಮನೆ ನಷ್ಟ.

ಈಗ ನನಗೆ ನಿಜವಾಗ್ಲೂ ಹೇಳಬೇಕು ಅನ್ನಿಸಿರೋ ವಿಷಯಕ್ಕೆ ಬರ್ತೀನಿ. ನಮ್ಮೋರು ವಿದೇಶಕ್ಕೆ ಹೋಗಿ ಅಡುಗೆ ಕಲಿಯುವಾಗ ‘ಅದು ತೆಗೀರಿ ಇದು ತೆಗೀರಿ’ ಅನ್ನೋದ್ರಲ್ಲೇ ದಿನ ಕಳೆದುಬಿಡ್ತಾರೆ, ಉಳಿದದ್ದು ಏನೋ ಕೊರತೆಯ ಅಡುಗೆ ಅಂತ ಅವ್ರಿಗೇ ಅನ್ನಿಸಿಬಿಡತ್ತೆ. ಚಿಯಾಂಗ್ ಮಾಯಲ್ಲಿ ಹಾಗೆ ಮಾಡಬೇಕಾಗಿಲ್ಲ. ಅಲ್ಲಿ ತುವಾ ನಾವ್ ಅಂತ ಒಂದಿದೆ. ಸೋಯಾ ಕಾಳು ಬೇಯಿಸಿ, ಎರಡು ಮೂರು ದಿನ ಹುಳಿ ಬರೋಕೆ ಬಿಟ್ಟು, ಅರೆದು, ತೆಳ್ಳಗೆ ತಟ್ಟಿ ಬಿಸಿಲಲ್ಲಿ ಒಣಗಿಸ್ತಾರೆ, ನೋಡೋಕೆ ಥೇಟ್ ನಮ್ಮ ಹಲಸಿನ ಹಪ್ಪಳ. ಕೆಂಡದ ಮೇಲೆ ಎರಡೂ ಕಡೆ ಸುಟ್ಟು ಒರಳಿಗೆ ಹಾಕಿ ಪುಡಿ ಮಾಡಿದ್ರೆ ಸಿಗಡಿ ಮುದ್ದೆ ಕೊಡೋ ಅದೇ ಗಾಢವಾದ ರುಚಿ ಕೊಡತ್ತೆ. ಇದು ಪ್ರವಾಸಿಗರಿಗಾಗಿ ಈಗ ಹುಟ್ಟಿಸಿದ್ದಲ್ಲ, ಸಮುದ್ರ ದೂರ ಇರೋ ಗುಡ್ಡಗಾಡಿನ ಶಾನ್ ಜನ, ಉತ್ತರ ಥಾಯ್ಲೆಂಡಿನ ಜನ ಹಿಂದಿನಿಂದ ಬಳಸ್ತಾ ಬಂದಿರೋದು. ಸಿಗಡಿ ಬೇಡ ಅನ್ನೋ ಬದಲು ‘ಕಪಿ ಬದಲು ತುವಾ ನಾವ್ ಹಾಕಿ ಕಲಿಸ್ತೀರಾ’ ಅಂತ ಕೇಳಿ ನೋಡಿ, ಕಲಿಸೋರ ಮುಖ ಅರಳತ್ತೆ, ಇವ್ರಿಗೆ ನಮ್ಮೂರಿನ ಅಡುಗೆ ಗೊತ್ತು ಅಂತ. ವಾಸನೆ ಜೋರು, ಅದಕ್ಕೆ ಅಮ್ಮನ್ನ ಮೊದಲೇ ತಯಾರು ಮಾಡಿ.

ಯಾಕೆ ಇದನ್ನ ಕೇಳಿಯೇ ಪಡೀಬೇಕು ಅಂದ್ರೆ, ಚಿಯಾಂಗ್ ಮಾಯ್ ಕ್ಲಾಸುಗಳಲ್ಲಿ ಹೆಚ್ಚಿನವು ಕಲಿಸೋದು ಚಿಯಾಂಗ್ ಮಾಯ್ ಅಡುಗೆ ಅಲ್ಲ. ಗ್ರೀನ್ ಕರಿ, ಪ್ಯಾಡ್ ಥಾಯ್ ಅನ್ನೋ ಹುರಿದ ನೂಡಲ್ಸ್, ಟಾಮ್ ಯಮ್ ಅನ್ನೋ ಹುಳಿ ಖಾರದ ಸಾರು, ಇವು ಬ್ಯಾಂಕಾಕ್ ಕಡೆಯ ಬಯಲು ಸೀಮೆಯ ಅಡುಗೆ. ಚಿಯಾಂಗ್ ಮಾಯ್ ಅಂದ್ರೆ ಹೊಸ ಪಟ್ಟಣ ಅಂತ ಅರ್ಥ, 1296ರಲ್ಲಿ ಮಂಗ್ರಾಯ್ ಅನ್ನೋ ರಾಜ ಕಟ್ಟಿದ್ದು, ಲಾನ್ನಾ ಅನ್ನೋ ಬೇರೆಯದೇ ರಾಜ್ಯದ ರಾಜಧಾನಿ. ನಡುವೆ ಎರಡು ಶತಮಾನ ಬರ್ಮಾದ ಕೈಕೆಳಗಿತ್ತು. ಹಾಗಾಗಿ ಇಲ್ಲಿಯ ಊಟವೂ ಬೇರೆ, ಕಾಯಿಹಾಲಿನ ಬಳಕೆ ಕಡಿಮೆ, ಅನ್ನ ಅಂದ್ರೆ ಅಂಟು ಅಕ್ಕಿಯ ಅನ್ನ, ಕೈಯಲ್ಲೇ ಉಂಡೆ ಮಾಡಿ ತಿನ್ನೋದು. ಮಂಗಳೂರಿಗೆ ಬಂದೋರಿಗೆ ಬರೀ ಬಿಸಿಬೇಳೆಬಾತ್ ಕಲಿಸಿ ಕಳಿಸಿದ್ರೆ ಹೇಗಿರತ್ತೆ, ಹಾಗೆ. ಮೆನು ಕಳಿಸಿದಾಗ ಲಾನ್ನಾ ಅಡುಗೆ ಒಂದಾದ್ರೂ ಇದೆಯಾ ನೋಡಿ.

ಅಮ್ಮನಿಗೆ ಅಂತ ನಾನು ಎರಡು ಹೇಳ್ತೀನಿ. ಒಂದು ನಾಮ್ ಫ್ರಿಕ್ ನುಮ್. ಉದ್ದದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಮೂರನ್ನೂ ಕೆಂಡದ ಮೇಲೆ ಸಿಪ್ಪೆ ಕಪ್ಪಾಗೋವರೆಗೂ ಸುಟ್ಟು, ಸುಲಿದು, ಉಪ್ಪು ಹಾಕಿ ಜಜ್ಜೋದು, ಬೇಯಿಸಿದ ತರಕಾರಿ ಮತ್ತು ಅಂಟು ಅನ್ನದ ಜೊತೆ ತಿನ್ನೋದು. ಸುಟ್ಟ ಬದನೆಕಾಯಿ ಗೊಜ್ಜು ಮಾಡಿದ ಕೈಗೆ ಇದನ್ನ ಯಾರೂ ಹೇಳಿಕೊಡೋದೇ ಬೇಡ. ಇದಕ್ಕೂ ಕೆಲವ್ರು ಮೀನಿನ ರಸ ಸೇರಿಸ್ತಾರೆ, ತಟ್ಟೆ ಪಕ್ಕ ಹುರಿದ ಹಂದಿ ಚರ್ಮನೂ ಇಡ್ತಾರೆ, ಎರಡೂ ಬೇಡ ಅಂತ ಮೊದಲೇ ಹೇಳಿ. ಇನ್ನೊಂದು ತಾಮ್ ಖನುನ್, ಎಳೆ ಹಲಸನ್ನ ಮೆತ್ತಗೆ ಬೇಯಿಸಿ ಒರಳಲ್ಲಿ ಜಜ್ಜಿ ಮೆಣಸಿನಕಾಯಿ ಪೇಸ್ಟ್ ಜೊತೆ ಹುರಿಯೋದು. ದಕ್ಷಿಣ ಕನ್ನಡದ ಗುಜ್ಜೆ ಪಲ್ಯ ತಿಂದೋರು ಒಂದು ತುತ್ತಿಗೇ ಗುರುತು ಹಿಡೀತಾರೆ. ಹಂದಿ ಮಾಂಸ ಹಾಕೋದು ವಾಡಿಕೆ, ಆದ್ರೆ ಹಲಸೇ ಮುಖ್ಯ ಆಗಿರೋದ್ರಿಂದ ಅದನ್ನ ಬಿಟ್ರೂ ಅಡುಗೆ ಕೆಡಲ್ಲ. ಖಾವ್ ಸೊಯ್ ಬೇಕು ಅಂದ್ರೆ ಅದೂ ಒಳ್ಳೇದೇ, ಕಾಯಿಹಾಲಿನ ಕರಿಯಲ್ಲಿ ನೂಡಲ್ಸ್, ಮೇಲೆ ಗರಿಗರಿ ನೂಡಲ್ಸ್, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಆದ್ರೆ ಆ ಹಳದಿ ನೂಡಲ್ಸಲ್ಲಿ ಮೊಟ್ಟೆ ಇರತ್ತೆ, ಅಕ್ಕಿ ನೂಡಲ್ಸ್ ಕೇಳಿ. ಪ್ಯಾಡ್ ಥಾಯ್ ಬಿಟ್ಟುಬಿಡಿ ಅಂತ ನನ್ನ ಅಭಿಪ್ರಾಯ, ಅದು ಬಾಟ್ಲು ಸಾಸ್ ಬಗ್ಗಿಸಿ ಹುರಿಯೋ ಕೆಲಸ. ಮಸ್ಸಮನ್ ಕರಿನೂ ಬೇಡ, ಏಲಕ್ಕಿ ಚಕ್ಕೆ ಲವಂಗ ಹಾಕಿದ್ದು, ಅಷ್ಟು ದೂರ ಹೋಗಿ ನಮ್ಮ ಸಾಗು ವಾಸನೆಯದನ್ನೇ ಮಾಡಿ ಬಂದ ಹಾಗಾಗತ್ತೆ.

ಕೈಯಾರೆ ಮಾಡಿಸ್ತಾರಾ ಇಲ್ವಾ ಅಂತ ಮೊದಲೇ ಹೇಗೆ ತಿಳ್ಕೊಳ್ಳೋದು? ಎಲ್ರೂ ಹ್ಯಾಂಡ್ಸ್ ಆನ್ ಅಂತಲೇ ಬರೀತಾರೆ. ನಾನು ನೋಡೋದು ಮೆನುವನ್ನ. ಮೂವತ್ತು ಐಟಂ ಪಟ್ಟಿ ಕೊಟ್ಟು ಒಬ್ಬೊಬ್ರು ಬೇರೆ ಬೇರೆ ಆರಿಸ್ಕೊಳ್ಳಿ ಅಂದ್ರೆ ಅಲ್ಲಿ ಎಲ್ಲವೂ ಮೊದಲೇ ಹೆಚ್ಚಿ ಬಟ್ಟಲಲ್ಲಿ ಇಟ್ಟಿರ್ಲೇಬೇಕು, ಇಲ್ದಿದ್ರೆ ಹತ್ತು ಜನಕ್ಕೆ ಹತ್ತು ಪೇಸ್ಟ್ ಯಾರು ಮಾಡಿಸೋಕಾಗತ್ತೆ. ನೀವು ಬಾಣಲೆಗೆ ಸುರಿದು ಕೈಯಾಡಿಸೋದಷ್ಟೇ. ನಾಲ್ಕೈದೇ ಅಡುಗೆ, ಎಲ್ರಿಗೂ ಒಂದೇ ಅಂತ ಇದ್ರೆ ಅಲ್ಲಿ ಬುಡದಿಂದ ಮಾಡಿಸೋಕೆ ಪುರುಸೊತ್ತು ಇರತ್ತೆ. ಒಬ್ಬೊಬ್ರಿಗೂ ಬೇರೆ ಒಲೆ ಇದೆಯಾ, ಗುಂಪು ಎಂಟು ಹತ್ತು ಜನದ ಒಳಗಿದೆಯಾ, ಪೇಸ್ಟ್ ಕುಟ್ಟೋದು ನಾವೇನಾ, ಈ ಮೂರು ಕೇಳಿ ಸಾಕು. ಅರ್ಧ ದಿನದ್ದು, ಇಡೀ ದಿನದ್ದು ಎರಡೂ ಇರತ್ತೆ, ರೇಟು ಹೆಚ್ಚುಕಮ್ಮಿ ಸಾವಿರದಿಂದ ಒಂದೂವರೆ ಸಾವಿರ ಬಾತ್. ಅಮ್ಮನ ಜೊತೆ ಅಂದ್ರೆ ಬೆಳಗಿನ ಅರ್ಧ ದಿನದ್ದೇ ಸರಿ, ಮಾರ್ಕೆಟ್ ಸುತ್ತೋದು ಸೇರಿರೋದನ್ನ ನೋಡಿ.

ಮಾರ್ಕೆಟ್ ಭಾಗವನ್ನ ತಪ್ಪಿಸ್ಬೇಡಿ. ನಗರದ ಹಳೇ ಕೋಟೆ ಒಳಗಿನ ಕ್ಲಾಸುಗಳು ಹೆಚ್ಚಾಗಿ ಸೋಮ್ಫೆಟ್ ಮಾರ್ಕೆಟಿಗೆ ಕರ್ಕೊಂಡು ಹೋಗ್ತಾರೆ, ಪಿಂಗ್ ನದಿ ಹತ್ರ ವರೋರೊಟ್ ಅಂತ ದೊಡ್ಡ ಮಾರ್ಕೆಟ್ ಇದೆ, ಅದಕ್ಕೆ ನೀವೇ ಇನ್ನೊಂದಿನ ಹೋಗಿ. ಮಜ್ಜಿಗೆ ಹುಲ್ಲನ್ನ ನಾವು ಎಲೆಗೋಸ್ಕರ ಬೆಳೀತೀವಿ, ಮಜ್ಜಿಗೆಗೆ ಹಾಕ್ತೀವಿ, ಅವ್ರು ಎಲೆ ಬಿಸಾಕಿ ಬುಡದ ಬಿಳಿ ದಂಟು ಮಾರ್ತಾರೆ, ಇದನ್ನ ನೋಡಿ ಅಮ್ಮ ನಿಂತೇ ಬಿಡ್ತಾರೆ ಅಂತ ನನಗೆ ಗೊತ್ತು. ಚಿಕ್ಕ ಖಾರದ ಮೆಣಸಿನಕಾಯಿ ನಮ್ಮ ಸೂಜಿಮೆಣಸಿನ ಥರದ್ದೇ. ಇನ್ನೊಂದು ವಿಷಯ ನನಗೆ ಎಷ್ಟು ಸಲ ಹೇಳಿದ್ರೂ ಖುಷಿಯೇ. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಪೋರ್ಚುಗೀಸರ ಹಡಗು ಏಷ್ಯಾಕ್ಕೆ ಬಂದ ಮೇಲೆ ಹದಿನಾರನೇ ಶತಮಾನದಿಂದ ನಮ್ಮಲ್ಲೂ ಬಂತು ಅವ್ರಲ್ಲೂ ಬಂತು. ಅದಕ್ಕೆ ಮೊದಲು ಥಾಯಲ್ಲಿ ಫ್ರಿಕ್ ಅಂದ್ರೆ ಕಾಳುಮೆಣಸು, ಹೊಸಬ ಬಂದು ಆ ಹೆಸರು ತಗೊಂಡ, ಹಳಬನಿಗೆ ‘ಫ್ರಿಕ್ ಥಾಯ್’ ಅನ್ನಬೇಕಾಯ್ತು. ನಮ್ಮಲ್ಲೂ ಅದೇ ಕಥೆ, ಮೆಣಸು ಅನ್ನೋ ಹೆಸರು ಕಾಯಿಗೆ ಹೋಗಿ ಕರಾವಳಿ ಕಡೆ ಕಾಳಿಗೆ ಒಳ್ಳೆಮೆಣಸು ಅನ್ನಬೇಕಾಯ್ತು.

ಇನ್ನು ಕುಟ್ಟೋ ಕೆಲಸ. ಅಲ್ಲಿ ಎರಡು ಥರದ ಒರಳು ಇರತ್ತೆ. ಮಣ್ಣಿಂದು ಆಳವಾಗಿ ಮರದ ಒನಕೆ ಇರೋದು ಸೋಮ್ ತಾಮ್ ಅನ್ನೋ ಹಸಿ ಪರಂಗಿಕಾಯಿ ಕೋಸಂಬರಿಗೆ, ಅದ್ರಲ್ಲಿ ನುಣ್ಣಗೆ ಮಾಡಬಾರದು, ಒಂದು ಕೈಲಿ ಮೆಲ್ಲಗೆ ಕುಟ್ಟುತ್ತಾ ಇನ್ನೊಂದು ಕೈಲಿ ಚಮಚದಿಂದ ಮಗುಚ್ತಾ ಇರಬೇಕು, ಕಾಯಿಗೆ ಪೆಟ್ಟಾಗಿ ರಸ ಬಿಡಬೇಕು ಅಷ್ಟೇ. ಕಲ್ಲಿಂದು ಪೇಸ್ಟಿಗೆ. ಹಸಿರು ಪೇಸ್ಟ್ ಮಾಡೋದನ್ನ ಹೇಳ್ತೀನಿ ಕೇಳಿ, ಕೊತ್ತಂಬರಿ ಬೀಜ, ಜೀರಿಗೆ ಹುರಿದು ಬಿಳಿ ಮೆಣಸಿನ ಜೊತೆ ಮೊದಲು ಒಣದಾಗೇ ಪುಡಿ ಮಾಡಿ ತೆಗೆದಿಡ್ತಾರೆ. ಆಮೇಲೆ ಹಸಿಮೆಣಸಿನಕಾಯಿಗೆ ಕಲ್ಲುಪ್ಪು ಹಾಕಿ ಕುಟ್ಟೋದು, ಉಪ್ಪಿನ ಹರಳು ಉಜ್ಜಿ ಸಿಪ್ಪೆ ಹರಿಯತ್ತೆ. ಆಮೇಲೆ ಶುಂಠಿ ಥರ ಕಾಣೋ ಗಲಾಂಗಲ್ ಬೇರು, ಮಜ್ಜಿಗೆ ಹುಲ್ಲಿನ ದಂಟು, ಇವನ್ನ ಅಡ್ಡಡ್ಡ ತೆಳ್ಳಗೆ ಬಿಲ್ಲೆ ಮಾಡಿರಬೇಕು, ಉದ್ದಕ್ಕೆ ಹೆಚ್ಚಿದ್ರೆ ಎಷ್ಟು ಕುಟ್ಟಿದ್ರೂ ನಾರು ಬಾಯಿಗೆ ಸಿಗತ್ತೆ. ಮಕ್ರುಟ್ ನಿಂಬೆ ಅಂತ ಗಂಟುಗಂಟು ಸಿಪ್ಪೆಯ ನಿಂಬೆ, ಅದರ ಹಸಿರು ಮೇಲ್ಪದರ ಮಾತ್ರ ಹೆರೆದು ಹಾಕ್ತಾರೆ, ಒಳಗಿನ ಬಿಳಿ ಸೇರಿದ್ರೆ ಕಹಿ. ಕೊತ್ತಂಬರಿ ಗಿಡದ ಬೇರು, ನಾವು ಕಿತ್ತು ಬಿಸಾಕ್ತೀವಲ್ಲ ಅದೇ, ಮಣ್ಣು ತೊಳೆದು ಹಾಕ್ತಾರೆ. ಬೆಳ್ಳುಳ್ಳಿ ಈರುಳ್ಳಿ ಥರದ ನೀರು ಬಿಡೋದು ಕೊನೆಗೆ, ಮೊದಲೇ ಹಾಕಿದ್ರೆ ಒನಕೆ ಜಾರತ್ತೆ, ಗಟ್ಟಿ ವಸ್ತು ಹಾಗೇ ಉಳಿಯತ್ತೆ.

ಒಂದ್ಸಲ ನನ್ನ ಗುಂಪಲ್ಲಿ ಶಿರಸಿ ಕಡೆಯ ಒಬ್ರು ಅಮ್ಮ ಇದ್ರು. ಕಲಿಸೋಳು ಚಿಕ್ಕ ಹುಡುಗಿ, ಕುಟ್ಟೋದು ತೋರಿಸಿ ಎಲ್ಲರ ಹತ್ರನೂ ಹೋಗಿ ಕೈ ತಿದ್ದಿ ಬರ್ತಿದ್ಲು. ಇವ್ರು ಮೊದಲು ನಮ್ಮ ಅಭ್ಯಾಸದ ಹಾಗೆ ಒನಕೆಯನ್ನ ಗುಂಡಗೆ ತಿರುಗಿಸ್ತಾ ಅರೆಯೋಕೆ ಶುರು ಮಾಡಿದ್ರು, ಹುಡುಗಿ ಬಂದು ಅವ್ರ ಮುಂಗೈ ಹಿಡಿದು ಮೇಲೆತ್ತಿ ನೇರ ಕೆಳಗೆ ಬಿಟ್ಲು, ಎರಡೇ ಸಲ. ಆಮೇಲೆ ಇವ್ರು ತಾವಾಗೇ ಎಡಗೈ ಅಂಗೈಯನ್ನ ಒರಳ ಬಾಯಿಗೆ ಅಡ್ಡ ಹಿಡಿದ್ರು, ಮೆಣಸಿನಕಾಯಿ ಚೂರು ಕಣ್ಣಿಗೆ ಸಿಡೀಬಾರ್ದು ಅಂತ, ಅದನ್ನ ಇನ್ನೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ಹುಡುಗಿ ನೋಡಿ ನಕ್ಕು ಅವ್ರ ಭುಜ ತಟ್ಟಿದ್ಲು. ಹತ್ತು ಹದಿನೈದು ನಿಮಿಷಕ್ಕೆ ಟಕ್ ಟಕ್ ಅಂತಿದ್ದ ಸದ್ದು ದಪ್ ದಪ್ ಅಂತ ಮೆತ್ತಗಾಯ್ತು, ಇಬ್ರೂ ಒಟ್ಟಿಗೇ ತಲೆ ಎತ್ತಿ ನೋಡ್ಕೊಂಡ್ರು, ಆಯ್ತು ಅಂತ. ಅವ್ರಿಗೂ ಇಂಗ್ಲಿಷ್ ಬರ್ತಿರ್ಲಿಲ್ಲ, ಮೂರು ಗಂಟೆ ಹೊತ್ತು ನಾನು ಅವ್ರಿಗೆ ಭಾಷಾಂತರ ಮಾಡಿದ್ದು ಎರಡೋ ಮೂರೋ ಮಾತು.

ಮಿಕ್ಸಿ ಇರೋವಾಗ ಯಾಕೆ ಇಷ್ಟು ಕಷ್ಟ ಅಂತ ನೀವು ಕೇಳ್ಬಹುದು. ಮಿಕ್ಸಿ ಕತ್ತರಿಸತ್ತೆ, ತಿರುಗೋಕೆ ನೀರು ಬೇಕು. ಒರಳು ಜಜ್ಜತ್ತೆ, ಎಲೆ ಬೇರಿನೊಳಗಿನ ಎಣ್ಣೆ ಹೊರಗೆ ಬರತ್ತೆ, ನೀರು ಒಂದು ಹನಿನೂ ಬೇಡ. ನೀರಿಲ್ಲದ ಪೇಸ್ಟೇ ಎಣ್ಣೇಲಿ ಹುರಿಯೋದು, ನೀರಿರೋದು ಬೇಯತ್ತೆ ಅಷ್ಟೇ, ಘಮ ಅರ್ಧಕ್ಕೆ ಅರ್ಧ ವ್ಯತ್ಯಾಸ. ಹುರಿಯೋಕೆ ಅವ್ರು ಬೇರೆ ಎಣ್ಣೆ ಹಾಕೋ ಬದಲು ಗಟ್ಟಿ ಕಾಯಿಹಾಲನ್ನೇ ಬಾಣಲೆಗೆ ಹಾಕಿ ಕುದಿಸ್ತಾರೆ, ನಾವು ಮೊದಲ ಹಾಲು ಎರಡನೇ ಹಾಲು ಅಂತೀವಲ್ಲ, ಅವ್ರು ತಲೆ ಹಾಲು ಬಾಲ ಹಾಲು ಅಂತಾರೆ. ತಲೆ ಹಾಲು ಕುದೀತಾ ಕುದೀತಾ ಒಡೆದು ಅಂಚಲ್ಲಿ ಎಣ್ಣೆ ಮಿನುಗತ್ತೆ, ಆಗ ಪೇಸ್ಟ್ ಹಾಕೋದು. ನಮ್ಮಲ್ಲಿ ಕಾಯಿಹಾಲು ಒಡೀಬಾರ್ದು ಅಂತ ಉರಿ ಸಣ್ಣ ಮಾಡ್ತೀವಿ, ಅಲ್ಲಿ ಒಡೆಸಬೇಕು. ಅಮ್ಮನಿಗೆ ಕೈ ತಡೆಯೋದು ಇದೊಂದೇ ಜಾಗದಲ್ಲಿ. ಊರಿಗೆ ಬಂದ ಮೇಲೆ ಪ್ಯಾಕೆಟ್ ಹಾಲಲ್ಲಿ ಪ್ರಯತ್ನ ಮಾಡಿ ಒಡೀಲಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಒಡೆಯದ ಹಾಗೆ ಇಡೋಕೆ ಏನಾದ್ರೂ ಸೇರಿಸಿರ್ತಾರೆ, ಒಂದು ಚಮಚ ಕೊಬ್ಬರಿ ಎಣ್ಣೆ ಬಿಡಿ ಅಥವಾ ಕಾಯಿ ತುರಿದು ಹಿಂಡಿ.

ವಾಪಸ್ ಬರುವಾಗ ತಾಜಾ ಬೇರು, ಗಿಡ, ಬೀಜ ಬ್ಯಾಗಲ್ಲಿ ತರಬೇಡಿ, ಪ್ಲಾಂಟ್ ಕ್ವಾರಂಟೈನ್ ನಿಯಮ ಇದೆ. ಕಲ್ಲೊರಳು ಆಸೆಪಟ್ಟು ತಗೊಳ್ಳೋರು ಇದಾರೆ, ಎಂಟಿಂಚಿಂದು ಏಳೆಂಟು ಕಿಲೋ ತೂಗತ್ತೆ, ಮನೇಲಿ ಹಳೇ ಕಲ್ಲಿನ ಕುಟ್ಟಾಣಿ ಇದ್ರೆ ಅದೇ ಸಾಕು. ಮಜ್ಜಿಗೆ ಹುಲ್ಲು ಹಿತ್ತಲಲ್ಲೇ ಬರತ್ತೆ. ಗಲಾಂಗಲ್ ಬದಲು ಶುಂಠಿ ಹಾಕಬೇಡಿ, ನೋಡೋಕೆ ಅಷ್ಟೇ ಒಂದು, ರುಚಿ ಬೇರೆ, ಬೆಂಗಳೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಕೇಳಿದ್ರೆ ಸಿಗತ್ತೆ. ಮಕ್ರುಟ್ ಎಲೆ ಸಿಗದೇ ಹೋದ್ರೆ ಎಳೆ ನಿಂಬೆ ಎಲೆ ಹಾಕಿ, ಅದೇ ಘಮ ಬರಲ್ಲ, ಆದ್ರೆ ಹತ್ರ ಇರತ್ತೆ.

ಡಿಸೆಂಬರ್ ಒಳ್ಳೇ ಸಮಯ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ ಕಾಡು ಸುಡೋ ಹೊಗೆ ಊರ ತುಂಬಾ ತುಂಬ್ಕೊಳ್ಳತ್ತೆ. ಆದ್ರೆ ವರ್ಷದ ಕೊನೆಗೆ ಜನವೂ ಜಾಸ್ತಿ, ಸಣ್ಣ ಗುಂಪಿನ ಕ್ಲಾಸುಗಳು ಬೇಗ ತುಂಬಿಬಿಡತ್ತೆ, ಈಗ್ಲೇ ಬರೀರಿ. ಹಿಂದಿನ ದಿನ ರಾತ್ರಿ ಹಗುರವಾಗಿ ತಿಂದು ಬೆಳಗ್ಗೆ ಹೊಟ್ಟೆ ಖಾಲಿ ಇಟ್ಕೊಂಡೇ ಹೋಗಿ, ಮಾಡಿದ್ದೆಲ್ಲ ತಿನ್ನಬೇಕಲ್ಲ. ಅಮ್ಮನ ಮಂಡಿ ವಿಷಯ ಈಮೇಲಲ್ಲೇ ಹೇಳಿ, ಒಲೆ ಮುಂದೆ ನಿಲ್ಲೋ ಕೆಲಸ ಒಂದು ಅಡುಗೆಗೆ ಐದು ಹತ್ತು ನಿಮಿಷ, ಉಳಿದ ಹೆಚ್ಚೋದು ಕುಟ್ಟೋದು ಎಲ್ಲ ಸ್ಟೂಲ್ ಮೇಲೆ ಕೂತು ಮಾಡ್ಬಹುದು, ಕೇಳಿದ್ರೆ ಕೊಡ್ತಾರೆ. ಒರಳಿನ ಕೆಳಗೆ ಮಡಿಸಿದ ಟವಲ್ ಹಾಕಿಸ್ಕೊಳ್ಳಿ, ಗಾಜಿನ ಬಳೆ ಹಾಕೋ ಅಭ್ಯಾಸ ಇದ್ರೆ ಬಲಗೈಯದು ಅವತ್ತೊಂದಿನ ತೆಗೆದು ರೂಮಲ್ಲೇ ಇಟ್ಟು ಬರೋಕೆ ಹೇಳಿ.